ಕುಂಕುಮದ ಪೊಟ್ಟಣವಾದ ನಾಲ್ಕು ತಿಂಗಳು

ದೇವರ ಚಿತ್ರವಿರುವ ಕಾಗದವನ್ನು ನಾನು ಕಸಕ್ಕೆ ಹಾಕುವವಳಲ್ಲ. ಊದುಬತ್ತಿಯ ಖಾಲಿ ಡಬ್ಬಿ, ಮದುವೆ ಕಾರ್ಡು, ಹಳೆಯ ಕ್ಯಾಲೆಂಡರ್ ಎಲ್ಲವನ್ನೂ ಒಂದು ಚೀಲದಲ್ಲಿ ಕೂಡಿಟ್ಟು, ಹೊಸಪೇಟೆಯಿಂದ ಹಂಪಿಗೆ ಹೋದಾಗ ಹೊಳೆಯ ದಂಡೆಯ ಅರಳಿಕಟ್ಟೆಯ ಮೇಲಿಟ್ಟು ಕೈಮುಗಿದು ಬರುತ್ತೇನೆ. ಮೊದಲು ಹೊಳೆಗೇ ಬಿಡುತ್ತಿದ್ದೆ. ನೀರು ಹೊಲಸಾಗುತ್ತದೆ ಎಂದು ಮಗಳು ಬೈದ ಮೇಲೆ ಕಟ್ಟೆಗೆ ಬದಲಾಯಿಸಿದೆ. ಅವತ್ತು ಅವಳಿಂದ ಬೈಸಿಕೊಂಡದ್ದು ಎಷ್ಟು ಒಳ್ಳೆಯದಾಯಿತೆಂದು ಆಮೇಲೆ ಗೊತ್ತಾಯಿತು.

ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ದೂರದ ಒಂದು ಕಾಲೇಜಿಗೆ ಅರ್ಜಿ ಹಾಕುತ್ತೇನೆಂದು ಹಟ ಹಿಡಿದಳು. ಅಲ್ಲಿ ಕೆಲವರನ್ನಷ್ಟೇ ಆರಿಸಿಕೊಳ್ಳುತ್ತಾರೆ. ಆರಿಸಿದರೆ ಓದು, ಊಟ, ವಸತಿ ಎಲ್ಲ ಅವರದೇ. ಇಲ್ಲದಿದ್ದರೆ ಅದು ನಮ್ಮ ಕೈಲಾಗದ ಮಾತು. ಸಂಡೂರಿನಿಂದ ಬಂದಿದ್ದ ನನ್ನ ನೆಗೆಣ್ಣಿ ಚಹಾ ಕುಡಿಯುತ್ತಲೇ ಅಂದಳು: "ನಮ್ಮಾಕಿಗೆ ತೊಂಬತ್ತೆಂಟು ಬಂದೈತಿ, ಆಕೀನ ಹಾಕಿಲ್ಲ. ನಿಮ್ಮಾಕಿ ಎಂಬತ್ತು ಚಿಲ್ಲರೆ ಇಟಗೊಂಡು ಹೊಂಟಾಳೇನು?" ನನಗೂ ಒಳಗೊಳಗೇ ಹಾಗೇ ಅನಿಸಿತ್ತು.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು. ತರಗತಿಯ ಹೊರಗೆ ಏನು ಮಾಡುತ್ತೀ? ನಾನು ಓಡಿಹೋಗಿ ಟ್ರಂಕಿನಿಂದ ಸರ್ಟಿಫಿಕೇಟುಗಳ ಫೈಲು ತಂದೆ. ರಂಗೋಲಿ, ಭಾವಗೀತೆ, ಓಟದಲ್ಲಿ ಮೂರನೇ ಸ್ಥಾನ. ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸಿಟ್ಟಿದ್ದೆ.

"ಇವೆಲ್ಲ ಒಂದೊಂದು ದಿನದ್ದು ಅವ್ವಾ. ದಿನಾ ಏನ್ ಮಾಡ್ತೀ ಅಂತ ಕೇಳ್ಯಾರ."

"ದಿನಾ ಏನ್ ಮಾಡ್ತೀ? ನನ್ನ ಕ್ಯಾಲೆಂಡರ್ ಗೀಚ್ತೀ!"

"ಅದನ್ನ ಬರೀತೀನಿ," ಅಂದಳು.

ನಮ್ಮ ಓಣಿ ಏರಿನ ಮೇಲಿದೆ. ಮೂರು ದಿನಕ್ಕೊಮ್ಮೆ ನಳ ಬಂದಾಗ ಕೆಳಗಿನ ಮನೆಗಳ ತೊಟ್ಟಿ ತುಂಬಿ ಚೆಲ್ಲಿದರೂ ಮೇಲಿನ ಕೊನೆಯ ಎರಡು ಮನೆಗಳಿಗೆ ದಾರದಷ್ಟು ನೀರು. ಅದಕ್ಕಾಗಿ ಜಗಳವೋ ಜಗಳ. ಹತ್ತನೇ ತರಗತಿಯಲ್ಲಿದ್ದಾಗಲೇ ಮಗಳು ಕ್ಯಾಲೆಂಡರಿನ ಚೌಕಗಳಲ್ಲಿ ಬರೆಯತೊಡಗಿದಳು. ನೀರು ಎಷ್ಟಕ್ಕೆ ಬಂತು, ಕೊನೆಯ ಮನೆಗೆ ಎಷ್ಟಕ್ಕೆ ಮುಟ್ಟಿತು, ಎಷ್ಟಕ್ಕೆ ನಿಂತಿತು. ಏಕಾದಶಿ ನೋಡಲು ಹೋದರೆ ಅದರ ಮೇಲೆಲ್ಲ ಅವಳ ಅಕ್ಷರ. ಎರಡು ವರ್ಷ ನಾನು ಬೈದೆ, ಎರಡು ವರ್ಷ ಅವಳು ಬರೆದಳು. ಒಂದು ದಿನ ಎರಡೂ ಕ್ಯಾಲೆಂಡರುಗಳನ್ನು ಬಗಲಲ್ಲಿಟ್ಟುಕೊಂಡು ಹೋಗಿ, ನೀರು ಬಿಡುವ ನೀರಗಂಟಿಗೆ ತೋರಿಸಿದಳು.

"ಏನವ್ವಾ, ನನ್ನ ಮ್ಯಾಲ ಪತ್ತೇದಾರಿ ಮಾಡೀಯೇನು?" ಎಂದು ಅವನು ನಕ್ಕನಂತೆ. ಆದರೆ ಹಾಳೆ ತಿರುವುತ್ತಾ ಹೋಗಿ ಕೊನೆಯ ಮನೆಯ ಲೆಕ್ಕದ ಮೇಲೆ ಬೆರಳಾಡಿಸಿದನಂತೆ. ಮುಂದಿನ ವಾರದಿಂದ ಒಂದು ಸಲ ಕೆಳಗಿನ ವಾಲ್ವ್, ಒಂದು ಸಲ ಮೇಲಿನ ವಾಲ್ವ್ ಮೊದಲು ತಿರುಗಿಸತೊಡಗಿದ. ಜಗಳ ನಿಂತಿತು.

ಜನವರಿಯ ಒಂದು ಮಂಗಳವಾರ ಕಾಲೇಜಿನಿಂದ ಮೇಲ್ ಬಂತು. ಶುಕ್ರವಾರ ವಿಡಿಯೋದಲ್ಲಿ ಸಂದರ್ಶನ. ಕ್ಯಾಲೆಂಡರಿನ ಆ ಬರಹವನ್ನು ತೋರಿಸಬೇಕು.

"ಅವ್ವಾ, ಹಳೇ ಕ್ಯಾಲೆಂಡರ್ ಎಲ್ಲಿ ಅದಾವು?"

ರೊಟ್ಟಿ ಹಿಟ್ಟಿನಲ್ಲಿದ್ದ ನನ್ನ ಕೈ ಅಲ್ಲೇ ನಿಂತಿತು. ಹಿಂದಿನ ದಿನವಷ್ಟೇ, ಸೋಮವಾರ, ಅರ್ಜಿ ಹೋಯಿತಲ್ಲ ಇನ್ನೇಕೆ ಎಂದು ಅವನ್ನು ಕಟ್ಟೆಯ ಮೇಲಿಟ್ಟು ಬಂದಿದ್ದೆ.

"ಫೋಟೋ ತಗದಿಟ್ಟಿಲ್ಲೇನೇ?"

"ಮನ್ಯಾಗ ಇರ್ತಾವಲ್ಲ ಅಂತ ಬಿಟ್ಟೆ," ಅಂದವಳು ನೆಲದ ಮೇಲೆ ಕುಳಿತುಬಿಟ್ಟಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ನಾನು ಕೈ ತೊಳೆದುಕೊಂಡು, ಸೆರಗು ಸಿಕ್ಕಿಸಿ, ಅವಳನ್ನು ಎಳೆದುಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ವಿರೂಪಾಕ್ಷನನ್ನು ಕೂಗಿದ್ದೇ ಕೂಗಿದ್ದು.

ಕಟ್ಟೆಯ ಮೇಲೆ ಒಡೆದ ಫೋಟೋ ಚೌಕಟ್ಟುಗಳಿದ್ದವು, ಕ್ಯಾಲೆಂಡರ್ ಇರಲಿಲ್ಲ. ಪಕ್ಕದಲ್ಲೇ ಹೂವು, ಕಾಯಿ, ಕುಂಕುಮ ಮಾರುವ ಮುದುಕಿಯನ್ನು ಕೇಳಿದೆ.

"ಆ ಕ್ಯಾಲೆಂಡರೇನ್ರಿ? ಮಸ್ತ್ ದಪ್ಪ ಹಾಳಿ. ಕುಂಕುಮ ಕಟ್ಟಾಕ ತಗೊಂಡೀನ್ರಿ."

"ಅಯ್ಯೋ ಶಿವನೇ!"

"ಯಾಕ್ರಿ ಅಂಜ್ತೀರಿ? ದೇವರ ಮುಖ ಹರಿದಿಲ್ರಿ. ಅದನ್ನ ಬ್ಯಾರೆ ತಗದಿಟ್ಟೀನಿ."

"ಮುಖ ಇರಲಿ ಬಿಡಬೇ, ನನಗ ತಾರೀಖು ಬೇಕು!"

ಇಂಥ ಮಾತು ನನ್ನ ಬಾಯಿಂದ, ಅದೂ ಹಂಪಿಯಲ್ಲಿ ನಿಂತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಮುದುಕಿ ಗೋಣಿಚೀಲದ ಕೆಳಗಿಂದ ಕಟ್ಟು ಎಳೆದಳು. ಮಗಳು ಅಲ್ಲೇ ಕಲ್ಲಿನ ಮೇಲೆ ಕುಳಿತು ತಿಂಗಳು ಜೋಡಿಸತೊಡಗಿದಳು. ನಾನು ಬಗ್ಗಿ ಒಂದೊಂದನ್ನೇ ಎಣಿಸಿದೆ. ಇಪ್ಪತ್ತನಾಲ್ಕು ತಿಂಗಳಲ್ಲಿ ಇಪ್ಪತ್ತು ಸಿಕ್ಕವು! ನಾಲ್ಕು ತಿಂಗಳು ಪೊಟ್ಟಣಗಳಾಗಿ ಯಾವ್ಯಾವುದೋ ಊರಿನ ಭಕ್ತರ ಮನೆ ಸೇರಿದ್ದವು.

ವಾಪಸು ಬರುವಾಗ ಆಟೋದಲ್ಲಿ ಮೆಲ್ಲಗೆ ಅಂದೆ, "ನಾಲ್ಕೇ ತಿಂಗಳಲ್ಲ, ಅಂದಾಜಿನ ಮ್ಯಾಲ ಬರದು ಹಚ್ಚಿಬಿಡು. ಯಾರಿಗೆ ಗೊತ್ತಾಗತೈತಿ?"

ಅವಳು ನನ್ನ ಹಣೆಯ ವಿಭೂತಿಯನ್ನೇ ನೋಡಿದಳು. "ದಿನಾ ಪೂಜಾ ಮಾಡಾಕಿ ನೀನು ಹಿಂಗ ಅಂತೀಯಲ್ಲ."

ನಾನು ಹಾಳೆಗಳ ಕಟ್ಟನ್ನು ಗಾಳಿಗೆ ಹಾರದಂತೆ ಮಡಿಲಲ್ಲಿ ಒತ್ತಿ ಹಿಡಿದೆ.

ಶುಕ್ರವಾರ ಪಕ್ಕದ ಮನೆಯವರಿಗೂ ಮಿಕ್ಸಿ ಹಾಕಬೇಡಿ ಎಂದು ಹೇಳಿ ಬಂದೆ. ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿಟ್ಟು ಮಗಳು ಕುಳಿತಳು. ನಾನು ಬಾಗಿಲ ಹಿಂದೆ ನಿಂತೆ. ಇಂಗ್ಲಿಷು ನನಗೆ ತಿಳಿಯದು. ಆದರೆ ನಡುವೆ ಒಮ್ಮೆ "ಕುಂಕುಮ" ಎಂದದ್ದು ಕೇಳಿಸಿತು, ಆ ಕಡೆ ಎಲ್ಲರೂ ನಕ್ಕರು.

"ಏನಂದ್ರೇ?" ಎಂದೆ, ಮುಗಿದ ಕೂಡಲೇ.

"ಉಳಿದ ನಾಲ್ಕು ತಿಂಗಳು ಎಲ್ಲಿ ಅಂದ್ರು. ಕುಂಕುಮದ ಜೋಡಿ ಹೋದವು ಅಂದೆ. ನೆನಪಿನ ಮ್ಯಾಲ ತುಂಬಬೇಕಿತ್ತಲ್ಲ ಅಂದ್ರು ಒಬ್ಬ ಮೇಡಂ. ನೆನಪು ಬ್ಯಾರೆ, ನೋಡಿ ಬರದಿದ್ದು ಬ್ಯಾರೆ, ಅದಕ್ಕ ಖಾಲಿ ಬಿಟ್ಟೀನಿ ಅಂದೆ."

"ನಿಮ್ಮವ್ವ ತುಂಬು ಅಂದಿದ್ಲು ಅಂತ ಹೇಳಿಲ್ಲ ಹೌದಿಲ್ಲೋ?"

"ಕೇಳಿದ್ರ ಹೇಳ್ತಿದ್ದೆ!"

ಮೂರು ವಾರ ಕಳೆದವು. ನಳ ಬರುವ ದಿನ, ಬೆಳಿಗ್ಗೆ ನಾನು ಕೊಡ ಇಟ್ಟು ನಿಂತಿದ್ದೆ. ಒಳಗಿಂದ ಒಂದು ಕಿರುಚು ಕೇಳಿತು. ಹಾವೇ ಬಂತೆಂದು ಓಡಿದೆ. ಮಗಳು ಫೋನು ಹಿಡಿದು ಕುಣಿಯುತ್ತಿದ್ದಳು. ನನ್ನನ್ನೂ ಹಿಡಿದು ತಿರುಗಿಸಿದಳು. "ಆತು ಅವ್ವಾ, ಸೀಟ್ ಆತು!" ದೇವರ ಮುಂದೆ ದೀಪ ಹಚ್ಚಲು ಹೋದರೆ ಮೂರು ಕಡ್ಡಿ ಕೆಟ್ಟವು. ಹೊರಗೆ ಓಣಿಯವರೆಲ್ಲ ಕೂಗುತ್ತಿದ್ದರು, "ನೀರು ಹರಿಯಾಕತ್ತೈತ್ರಿ, ಕೊಡ ತೆಗೀರಿ!"

ಸಂಜೆ ಸಂಡೂರಿನಿಂದ ನೆಗೆಣ್ಣಿಯ ಫೋನು. "ಬರೇ ನಳದ ನೀರಿನ ಲೆಕ್ಕ ಬರದಿಟ್ಟಿದ್ದಕ್ಕ ಸೀಟ್ ಕೊಟ್ರೇನು?"

"ನಾಲ್ಕು ತಿಂಗಳು ಬರೀದಿದ್ದಕ್ಕೂ ಕೊಟ್ಟಾರ," ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಪೂರ್ತಿ ಕಥೆ ಹೇಳಿದೆ. ಕೊನೆಗೆ ಅವಳೂ ಬಿದ್ದು ಬಿದ್ದು ನಕ್ಕಳು. ಅದೂ ವಿರೂಪಾಕ್ಷನ ದಯೆ.

ಮಗಳು ಹೋದ ಮೇಲೆ ಬರೆಯುವವರು ಯಾರು? ಅವತ್ತೇ ಪೆನ್ನು ತೆಗೆದುಕೊಂಡು ಗೋಡೆಯ ಹತ್ತಿರ ಹೋದೆ. ಚೌಕದಲ್ಲಿ "ನೀರು ಬಂದದ್ದು ೬-೧೦" ಎಂದು ಬರೆದೆ. ಎಷ್ಟಕ್ಕೆ ನಿಂತಿತೋ! ಆಗ ನಾನು ಒಳಗೆ ಕುಣಿಯುತ್ತಿದ್ದೆ. ಏಳು ಗಂಟೆ ಇರಬಹುದು ಎಂದುಕೊಂಡು ಪೆನ್ನು ಊರಿದವಳು ಹಿಂತಿರುಗಿ ನೋಡಿದೆ. ಮಗಳು ಬಾಗಿಲಲ್ಲಿ ನಿಂತಿದ್ದಳು.

ಆ ಜಾಗವನ್ನು ಖಾಲಿ ಬಿಟ್ಟೆ.