ಅಮ್ಮ ಪೆನ್ಸಿಲ್ ಗುರುತು ಹಾಕಿದ ಹೆಸರುಗಳು

ನನ್ನ ರೂಮ್‌ಮೇಟ್ ಕಂಪ್ಯೂಟರ್ ಮಾನಿಟರ್ ಎತ್ತರವಾಗಲಿ ಎಂದು ಅದರ ಕೆಳಗೆ ಹಳೆಯ ಟೆಲಿಫೋನ್ ಡೈರೆಕ್ಟರಿ ಇಟ್ಟಿದ್ದಾನೆ. ಅದನ್ನು ನೋಡಿದಾಗಿನಿಂದ ನನಗೆ ಓದಲು ಆಗುತ್ತಿಲ್ಲ.

ನಾವು ಮೈಸೂರಿನಿಂದ ವಡಪಳನಿಗೆ ಬಂದ ಹೊಸತರಲ್ಲಿ ಅಮ್ಮನಿಗೆ ತಮಿಳು ಬರುತ್ತಿರಲಿಲ್ಲ. ಮಧ್ಯಾಹ್ನ ಡೈರೆಕ್ಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಪುಟ ತಿರುವುತ್ತಿದ್ದಳು. ನಂಜುಂಡಯ್ಯ, ಸಿದ್ದೇಗೌಡ ಎಂಬಂಥ ನಮ್ಮ ಕಡೆಯ ಹೆಸರು ಕಂಡರೆ ಪೆನ್ಸಿಲ್ ಗುರುತು ಹಾಕಿ ಫೋನ್ ಮಾಡುತ್ತಿದ್ದಳು.

“ನೀವು ಕನ್ನಡದವರಾ? ಏನಿಲ್ಲ, ಸುಮ್ನೆ ಮಾಡ್ದೆ ಕಣ್ರೀ.”

ಹಲವರು ಫೋನ್ ಇಟ್ಟುಬಿಡುತ್ತಿದ್ದರು. ಕೆಲವರು ಸಾರಿನಪುಡಿಯವರೆಗೂ ಮಾತಾಡುತ್ತಿದ್ದರು. ನನಗೋ ಒಂಥರಾ ಶೇಮ್.

ಒಂದು ದಿನ ಅಪ್ಪ ಡೈರೆಕ್ಟರಿಯ ಸಿ.ಡಿ. ತಂದರು. ಆ ದಪ್ಪ ಪುಸ್ತಕವನ್ನು ಹಳೇ ಪೇಪರಿನವನಿಗೆ ಕೊಟ್ಟವನು ನಾನೇ, ಅದೂ ಖುಷಿಯಿಂದ.

ಅಪ್ಪ ಕೀಬೋರ್ಡ್ ಮುಂದೆ ಕೂತು, “ಪೂರ್ತಿ ಹೆಸರು, ಏರಿಯಾ ಹೇಳು. ಒಂದೇ ಸೆಕೆಂಡಲ್ಲಿ ನಂಬರ್ ಬರುತ್ತೆ” ಎಂದರು.

“ಅಷ್ಟೆಲ್ಲ ಗೊತ್ತಿರೋರು ನನಗಿಲ್ಲಿ ಯಾರಿದ್ದಾರ್ರೀ?” ಎಂದಳು ಅಮ್ಮ.

ಆಮೇಲೆ ಅವಳು ಮಧ್ಯಾಹ್ನಗಳಲ್ಲಿ ಸುಮ್ಮನೆ ಮಲಗತೊಡಗಿದಳು. ಮುಂದಿನ ಜೂನ್‌ನಲ್ಲಿ ನನ್ನನ್ನು ಹಾಸ್ಟೆಲ್ ಸ್ಕೂಲಿಗೆ ಸೇರಿಸಿದರು.

ಈಗ ಅಮ್ಮ ದಿನಾ ನನ್ನ ಮೊಬೈಲ್‌ಗೆ ಫೋನ್ ಮಾಡುತ್ತಾಳೆ. “ಕ್ಲಾಸ್ ಇದೆ ಮಾ, ಬೈ” ಎಂದು ನಾನು ಎರಡೇ ಮಾತಿಗೆ ಮುಗಿಸುತ್ತೇನೆ. ಆದರೆ ಮೂರು ದಿನದಿಂದ ಅವಳು ಮಾಡಿಲ್ಲ. ನಾನೇ ಮಾಡಬೇಕು. ಮಾಡಿದರೆ ಏನು ಮಾತಾಡುವುದು ಎಂದು ಯೋಚಿಸುತ್ತ ಕೂತಿದ್ದೇನೆ.