ವಿರೂಪಣ್ಣನಿಗೆ ಮುಟ್ಟದ ಮೇಲ್

ಇದು ನಾನು ಕಟ್ಟಿದ ಕಥೆಯಾಗಿದ್ದರೆ ಇದರಲ್ಲಿ ನಾನು ಇಷ್ಟು ಕೆಟ್ಟವನಾಗಿ ಇರುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಸಂಡೂರು ಗುಡ್ಡದ ಒಂದು ಅದಿರು ಗಣಿಯಲ್ಲಿ ನಾನು ರಾತ್ರಿ ಪಾಳಿಯ ಕಂಪ್ಯೂಟರ್ ಆಪರೇಟರ್. ಓದಿದ್ದು ಹೈಸ್ಕೂಲು, ಕೆಲಸ ಕಲಿತದ್ದು ನೋಡಿ ನೋಡಿ. ಆಫೀಸಿನಲ್ಲಿದ್ದದ್ದು ಎಲ್ಲರೂ ಹಂಚಿಕೊಂಡು ಬಳಸುವ ಹಳೆಯ ಯೂನಿಕ್ಸ್ ಕಂಪ್ಯೂಟರ್. ಅದಿರು ತೊಳೆದ ಕೆಸರು ನಿಲ್ಲುವ ಹೊಂಡದ ನೀರು ಏರಿದರೆ ಅದು ಪಂಪ್ ನೋಡಿಕೊಳ್ಳುವ ವಿರೂಪಣ್ಣನ ಮೇಲ್ ಫೈಲಿಗೆ ಎಚ್ಚರಿಕೆ ಹಾಕುತ್ತಿತ್ತು. ಹೊಂಡದ ಕೆಳಗಿನ ಪಂಪ್ ಶೆಡ್ಡಿನಲ್ಲಿದ್ದ ಅವನು ಅಲ್ಲಿನ ಪರದೆ ನೋಡಿ, ಜೀವ ಉಳಿಸಿಕೊಳ್ಳಲು ಮೇಲೆ ಹತ್ತಿ ಬರಬೇಕು.

ಒಂದು ಸಂಜೆ ಅವನು ಬಂದ. "ಲೇ ದೊಡ್ಡಬಸ್ಯಾ, ಎಲ್ಲಾರೂ ನನ್ನ ಮೇಲ್ ಓದಿ ನಗ್ತಾರ. ಬ್ಯಾರೇರು ಓದದಂಗ ಬಂದ್ ಮಾಡು."

"ಏನೈತೋ ಅಂಥಾ ಗುಟ್ಟು?"

"ರಜಾ ಕೇಳಿದ್ದಕ್ಕ ಸಾಹೇಬ್ರು ಬೈದಿದ್ದು. ಸಾಲದೇನು?"

ಇಬ್ಬರೂ ನಕ್ಕೆವು. ಆ ಫೈಲನ್ನು ಓದಲು, ಬರೆಯಲು ಅವನೊಬ್ಬನಿಗೇ ಅನುಮತಿ ಇಟ್ಟೆ. ಮೇಲ್ ತಂದು ಹಾಕುವ ಪ್ರೋಗ್ರಾಮಿಗೂ ಅಲ್ಲಿ ಬರೆಯುವ ಅನುಮತಿ ಬೇಕೆಂಬುದು ನನಗೆ ಹೊಳೆಯಲೇ ಇಲ್ಲ.

ಆ ರಾತ್ರಿ ಮಳೆ ಬಿತ್ತು. ಎಚ್ಚರಿಕೆಗಳೆಲ್ಲ ಅವನ ಫೈಲಿನ ಹೊರಗೇ ಉಳಿದವು... ಹೊಂಡ ಒಡೆಯಿತು. ಶೆಡ್ಡೂ ಇಲ್ಲ, ವಿರೂಪಣ್ಣನೂ ಇಲ್ಲ.

ಬೆಳಗಾಗುವ ಮೊದಲು ನಾನು ಅನುಮತಿಯನ್ನು ಸರಿಪಡಿಸಿದೆ. ನಿಂತಿದ್ದ ಮೇಲ್‌ಗಳೆಲ್ಲ ಒಳಗೆ ಹೋದವು. ವಿಚಾರಣೆಗೆ ಬಂದವರು, ಎಚ್ಚರಿಕೆ ಬಂದಿತ್ತು, ವಿರೂಪಣ್ಣ ನೋಡದೆ ಮಲಗಿದ್ದ ಎಂದು ಬರೆದುಕೊಂಡು ಹೋದರು. ನಾನು ಬಾಯಿ ಬಿಡಲಿಲ್ಲ.

ಮುಂದಿನ ಮಳೆಗಾಲದ ಒಂದು ರಾತ್ರಿ ತಡೆಯಲಾಗದೆ, ಇದ್ದದ್ದನ್ನೆಲ್ಲ ಬರೆದು ಸಾಹೇಬರಿಗೆ ಮೇಲ್ ಕಳಿಸಿದೆ. ವಾಪಸ್ ಬಂತು: ಬರೆಯಲು ಅನುಮತಿ ಇಲ್ಲ. ಅವರ ಫೈಲಿನ ಅನುಮತಿ ನೋಡಿದೆ, ಎಲ್ಲವೂ ಸರಿಯಾಗಿತ್ತು. ಮತ್ತೆ ಕಳಿಸಿದೆ. ಮತ್ತೆ ವಾಪಸ್.

ಆಗಲೇ ಹಸಿ ಕೆಸರಿನ ವಾಸನೆ... ಬಾಗಿಲು ಹಾಕಿತ್ತು. ಆದರೂ ಒಳಗೆ ನೀರು ತುಂಬಿದ ಗಂಬೂಟಿನ ಸದ್ದು. ಪಚಕ್... ಪಚಕ್... ನನ್ನ ಕುರ್ಚಿಯ ಹಿಂದೆಯೇ ನಿಂತಿತು.

"ಬಿಡಲೇ ದೊಡ್ಡಬಸ್ಯಾ... ಅದು ಯಾರಿಗೂ ಮುಟ್ಟಂಗಿಲ್ಲ."

ತಿರುಗಿದೆ. ಯಾರೂ ಇಲ್ಲ. ನೆಲದ ಮೇಲೆ ಕೆಂಪು ಕೆಸರು.

ಬೆಳಿಗ್ಗೆ ಮೊದಲ ಬಸ್ಸಿಗೆ ಕಡ್ಡಿರಾಂಪುರಕ್ಕೆ, ಅವನ ಹೆಂಡತಿ ಗಂಗಮ್ಮನ ಮನೆಗೆ ಹೋದೆ. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವನು ಮಲಗಿರಲಿಲ್ಲ, ತಪ್ಪು ನನ್ನದು ಎಂದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬರ್ರಿ ಅಣ್ಣಾರ, ಕುಂದ್ರಿ. ಯಾಕ ಸುಮ್ನ ನಿಂತೀರಿ? ಏನರ ಹೇಳಾಕ ಬಂದಿದ್ರೇನು?"

ಮೊದಲಿನಿಂದ ಮತ್ತೆ ಹೇಳಿದೆ, ಕೂಗಿ ಹೇಳಿದೆ. ಆಕೆ ನೀರು ತಂದುಕೊಟ್ಟು, ಏನು ಹೇಳಲು ಬಂದಿರಿ ಎಂದು ಮತ್ತೆ ಅದನ್ನೇ ಕೇಳಿದಳು.

ಈಗ ಬರೆಯುತ್ತಿದ್ದೇನೆ. ಇದೂ ಮುಟ್ಟುತ್ತದೆಂಬ ನಂಬಿಕೆ ನನಗಿಲ್ಲ.