ಕೆಳಗಿನ ಓಣಿಯ ಹಲ್ಲು

ನಮ್ಮೂರಿನ ಭೂಗೋಳ ತಿಳಿಯಬೇಕಿದ್ದರೆ ನಕಾಶೆ ಬೇಡ, ಹೆಂಗಸರ ಬಾಯಿ ನೋಡಿದರೆ ಸಾಕು. ಧಾರವಾಡದ ಬಸ್ಸು ಬಂದು ನಿಲ್ಲುವ ಕೆಂಪುಮಣ್ಣಿನ ದಿಬ್ಬದ ಮೇಲೆ ಸಿಹಿನೀರಿನ ಬಾವಿ. ಮೊದಲು ಬಂದವರು ಅದರ ಸುತ್ತ ಮನೆ ಕಟ್ಟಿಕೊಂಡರು. ಆಮೇಲೆ ಬಂದ ನಮ್ಮಂಥವರಿಗೆ ಕೆಳಗಿನ ಎರೆ ನೆಲ, ಸವಳು ನೀರು. ಊರಿನ ಇತಿಹಾಸ ಇಷ್ಟೇ, ಉಳಿದದ್ದೆಲ್ಲ ಭಾಷಣ. ಆ ನೀರು ಕುಡಿದು ಬೆಳೆದ ನಮ್ಮ ಓಣಿಯವರ ಹಲ್ಲೆಲ್ಲ ಕಂದು. ಈಗ ಮನೆಮನೆಗೆ ನಲ್ಲಿ ಇದೆ, ಆದರೆ ಅದರಲ್ಲಿ ನೀರು ಬಂದರೆ ಬಂತು. ಹೀಗಾಗಿ ಹಲ್ಲಿನ ಬಣ್ಣವೇನೂ ಬದಲಾಗಿಲ್ಲ.

ಅಕ್ಕನನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ಬಂದಾಗ ಅವ್ವ, "ತುಟಿ ಬಿಚ್ಚಬ್ಯಾಡ" ಎಂದು ತಾಕೀತು ಮಾಡಿದ್ದಳು. ಗಂಡಿನ ತಾಯಿ ಪಳಗಿದ ಹೆಂಗಸು. ಅವಲಕ್ಕಿ ತಿನ್ನುತ್ತ ಒಂದು ನಗೆಮಾತು ತೆಗೆದಳು: "ನಮ್ಮ ಮಾವನವ್ರು ಸಂತ್ಯಾಗ ಹಲ್ಲು ನೋಡಾಕಂತ ಎತ್ತಿನ ಬಾಯಿ ತಗದ್ರು. ಅದು ಅವರ ರುಮಾಲನ್ನ ತಿಂದಬಿಡ್ತು!"

ಅಕ್ಕ ಕಿಸಕ್ಕನೆ ನಕ್ಕಳು. ಆ ಹೆಂಗಸು ತಟ್ಟೆ ಕೆಳಗಿಟ್ಟು ಎದ್ದಳು. ಆಮೇಲೆ ಅಪ್ಪ ಅಕ್ಕನ ಮುಂದಿನ ಹಲ್ಲೆಲ್ಲ ಕೀಳಿಸಿ ಬಿಳಿ ಹಲ್ಲು ಕಟ್ಟಿಸಿದ. ಗಟ್ಟಿಯಿದ್ದ ಹಲ್ಲುಗಳವು. ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುವಾಗ ಗಂಜಿ ಕುಡಿಸುತ್ತಿದ್ದವಳು ನಾನು. ಬೇರೆ ಕಡೆ ಮದುವೆಯೇನೋ ಆಯಿತು.

ಮೊನ್ನೆ ಅಕ್ಕ ತನ್ನ ಮಗನಿಗೆ ಹೆಣ್ಣು ನೋಡಲು ನಮ್ಮೂರಿಗೇ ಬಂದಳು, ನನ್ನನ್ನೂ ಕರೆದೊಯ್ದಳು. ಹುಡುಗಿ ಕೆಳಗಿನ ಓಣಿಯವಳು. ಫೋಟೋ ನೋಡಿ ಅಕ್ಕನ ಮಗ ಒಪ್ಪಿಯೂ ಇದ್ದ. ಅವಳು ತುಟಿ ಬಿಗಿಹಿಡಿದು ಕೂತಿದ್ದಳು. ಪಾಪ, ನಮ್ಮ ಓಣಿಯವಳೇ ಅತ್ತೆಯಾದರೆ ಈ ಕೂಸಿಗೆ ಆ ಗತಿ ಬರಲಿಕ್ಕಿಲ್ಲ ಎಂದು ನಾನು ನಿರಾಳವಾಗಿದ್ದೆ. ಅಷ್ಟರಲ್ಲಿ ಅಕ್ಕ ಚಹಾದ ಕಪ್ಪು ಕೆಳಗಿಟ್ಟು, "ನಮ್ಮ ಮಾವನವ್ರು ಸಂತ್ಯಾಗ ಎತ್ತಿನ ಬಾಯಿ ತಗದ್ರು..." ಎಂದು ಶುರು ಮಾಡಿದಳು.

ಹುಡುಗಿ ನಕ್ಕಳು. ಕೈ ಬಾಯಿಗೆ ಹೋಗುವಷ್ಟರಲ್ಲಿ ಅಕ್ಕ ನೋಡಬೇಕಾದ್ದನ್ನು ನೋಡಿಯಾಗಿತ್ತು. ಒಡಹುಟ್ಟಿದವಳ ಮೇಲೆ ನನಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಹೊರಗೆ ಬಂದು ಅಕ್ಕ, "ಬ್ಯಾಡ, ಹಲ್ಲು ಭಾಳ ಕೆಟ್ಟಾವು" ಎಂದಳು.

"ನೀನೂ ಇದ ನೀರು ಕುಡದಾಕಿ ಅಲ್ಲೇನಕ್ಕಾ?"

"ನಾ ಕೀಳಿಸ್ಕೊಂಡೇನಿ. ಆಕಿನೂ ಕೀಳಿಸ್ಕೊಂಡು ಬರ್ಲಿ" ಎಂದು ಅಕ್ಕ ಬಿಳಿ ಹಲ್ಲೆಲ್ಲ ತೋರಿಸಿ ನಕ್ಕಳು.